ಕಂಬ ಒಡೆಯಲೇಬೇಕೆ?

2025ರ ಶ್ರಾವಣದಲ್ಲಿ ಮಾನವಿಯ ನನ್ನ ಅಕ್ಕನ ಮಗನಿಗೂ ನನಗೂ ಕೆಲವು ದಿನ ಮಾತು ನಿಂತಿತ್ತು. ಹೊಲದ ಬದುವಿನ ವಿಷಯವಲ್ಲ, ಮನೆಯ ಗೋಡೆಯ ವಿಷಯವೂ ಅಲ್ಲ. ಜಗತ್ತಿನ ಪೂರ್ಣಪ್ರಮಾಣದ ಅನಿಮೇಷನ್ ಚಿತ್ರಗಳಲ್ಲಿ ಅತ್ಯುತ್ತಮವಾದ ಐದನ್ನು ಹೆಸರಿಸಬೇಕೆಂದು ಅವನು ಕೇಳಿದ್ದ. ನಾನು ಹೆಸರಿಸಿದೆ. ಆ ವಾರವಷ್ಟೇ ಅವನು ರಾಯಚೂರಿಗೆ ಬಂದು ನೋಡಿಹೋಗಿದ್ದ ‘ಮಹಾವತಾರ ನರಸಿಂಹ’ ಆ ಐದರಲ್ಲಿ ಇರಲಿಲ್ಲ. ಜಗಳಕ್ಕೆ ಇಷ್ಟೇ ಕಾರಣ.

ಕಲಾಕೃತಿಗಳನ್ನು ಪಂಕ್ತಿಯಲ್ಲಿ ಕೂರಿಸಿ, ಇವರಿಗೆ ಮೊದಲನೆಯ ಎಲೆ, ಇವರಿಗೆ ಎರಡನೆಯದು ಎಂದು ಹೇಳುವುದು ವಿವೇಕಿಗಳ ಕೆಲಸವಲ್ಲವೆಂದು ನಾನು ಬಲ್ಲೆ. ಮದುವೆಯ ಮನೆಯಲ್ಲಿ ಅದರಿಂದ ಆಗುವ ಮನಸ್ತಾಪ ಸಾಲದೆ? ಆದರೂ ಬಲ್ಲವರು ಈ ಆಟವನ್ನು ಆಡಿದ್ದಾರೆ. 1984ರಲ್ಲಿ ಲಾಸ್ ಏಂಜಲೀಸಿನಲ್ಲಿಯೂ 2002ರಲ್ಲಿ ಜಾಗ್ರೆಬಿನಲ್ಲಿಯೂ ಪರಿಣತರ ಮತ ಕೇಳಿದಾಗ, ಎರಡು ಸಲವೂ ಮೊದಲ ಸ್ಥಾನ ರಷ್ಯದ ಯೂರಿ ನಾರ್‌ಸ್ಟೈನರ ‘ಕಥೆಗಳ ಕಥೆ’ (1979) ಎಂಬ ಚಿತ್ರಕ್ಕೆ ಬಂತು. ಅದು ಅರ್ಧ ಗಂಟೆಯೂ ಇಲ್ಲದ ಕಿರುಚಿತ್ರ. ನಮ್ಮ ಜಗಳ ದೊಡ್ಡ ಚಿತ್ರಗಳದು. ಒಂದು ಮಾತು ಮಾತ್ರ ನಿಜ. ಯಾವುದನ್ನು ಮೊದಲು ಕೂರಿಸುತ್ತೇವೆ ಎಂಬುದರಿಂದ, ಕಲೆಯಲ್ಲಿ ನಾವು ಬೇಡುವುದೇನು ಎಂಬುದು ಹೊರಬೀಳುತ್ತದೆ. ಆ ಲಾಭಕ್ಕಾಗಿ ಈ ಅವಿವೇಕವನ್ನು ಓದುಗರು ಮನ್ನಿಸಬೇಕು.

ಮೊದಲು ಈ ಕಲೆಯ ಬಗೆ ಏನೆಂದು ನೋಡೋಣ. ನಮ್ಮಲ್ಲಿ ಇದನ್ನು ‘ಕಾರ್ಟೂನ್’ ಎಂದು ಕರೆದು ಮಕ್ಕಳ ಕೈಗೆ ಕೊಟ್ಟು, ನಾವು ಅಡಿಗೆಮನೆಗೋ ಆಫೀಸಿಗೋ ಹೊರಟುಬಿಡುತ್ತೇವೆ. ಮಕ್ಕಳಿಗಾದರೂ ಅದು ಮನೆಮಾತಿನಲ್ಲಿ ಬಹುಕಾಲ ಸಿಗಲಿಲ್ಲ. ಕನ್ನಡದಲ್ಲಿ ಮಕ್ಕಳಿಗಾಗಿ ಚಿಂಟು ಟೀವಿ ಆರಂಭವಾದದ್ದು 2009ರಲ್ಲಿ. ಅದಕ್ಕೆ ಹಿಂದಿನ ಮಕ್ಕಳಿಗೆ ಬೆಕ್ಕು ಇಲಿಗಳ ಮೂಕ ಓಟವೋ ಹಿಂದಿಯ ಮಾತೋ ಗತಿಯಾಗಿತ್ತು. ಹೀಗಾಗಿ ‘ಅದು ಹುಡುಗರದು’ ಎಂಬ ಭಾವನೆ ದೊಡ್ಡವರಲ್ಲಿ ಗಟ್ಟಿಯಾಯಿತು. ವಿಮರ್ಶೆಯೂ ಆ ಕಡೆ ತಿರುಗಿ ನೋಡಲಿಲ್ಲ.

ಆದರೆ ಬರೆದ ಗೆರೆ ಚಲಿಸುವಂತೆ ಕಾಣಬೇಕೆಂಬ ಆಸೆ ಹೊಸದಲ್ಲ. ರಾಯಚೂರಿನ ಕೋಟೆಯ ಪಶ್ಚಿಮದ ಗೋಡೆಯಲ್ಲಿ 41 ಅಡಿಗೂ ಮೀರಿದ ಉದ್ದದ ಒಂದೇ ಕಲ್ಲು ಇದೆ. ಕಾಕತೀಯರ ಕಾಲದಲ್ಲಿ, 1294ರಲ್ಲಿ, ಕೋಟೆ ಕಟ್ಟಿಸಿದ ವಿವರವನ್ನು ಅದರ ಮೇಲೆ ತೆಲುಗಿನಲ್ಲಿ ಕೊರೆದಿದ್ದಾರೆ. ಆ ಶಾಸನವನ್ನು ವಿದ್ವಾಂಸರು ಓದಿ ಅಚ್ಚುಹಾಕಿಸಿದ್ದಾರೆ. ನಾನು ಹೇಳಬೇಕೆಂದಿರುವುದು ಅದರ ಹತ್ತಿರದ ಕಲ್ಲುಗಳ ಮೇಲಿನ ಗೆರೆಚಿತ್ರದ ಮಾತು. ಆ ಹೆಗ್ಗಲ್ಲನ್ನು ಬಂಡಿಯ ಮೇಲೆ ಹೇರಿದ್ದಾರೆ, ಉದ್ದಕ್ಕೂ ಸಾಲುಗಟ್ಟಿ ಕೋಣಗಳು ಎಳೆಯುತ್ತಿವೆ, ಹೊಡೆಯುವವರು ಹುರಿದುಂಬಿಸುತ್ತಿದ್ದಾರೆ, ಗಾಲಿಗೆ ಮರದ ಮೀಟು ಕೊಟ್ಟು ಜನ ನೂಕುತ್ತಿದ್ದಾರೆ. ಶಿಲ್ಪಿ ಅಲ್ಲಿ ಅಲಂಕಾರಕ್ಕೆ ಹೋಗಿಲ್ಲ. ಒಂದು ಪಶುವಿನ ಹಿಂದೆ ಇನ್ನೊಂದು ಪಶು, ಅಷ್ಟೆ. ಗೋಡೆಯ ಬದಿಗೆ ನೀವು ನಡೆಯುತ್ತ ಹೋಗಿ; ಬಂಡಿ ಕದಲುತ್ತದೆ. ಕದಲಿಸಿದ್ದು ಯಾರು? ಕಲ್ಲಂತೂ ಏಳು ನೂರು ವರ್ಷದಿಂದ ಅಲ್ಲೇ ಇದೆ. ನಡೆದವನು ನೋಡುವವನು.

ಸಿನಿಮಾದಲ್ಲಿ ನಡೆಯುವುದೂ ಇದೇ. ಸೆಕೆಂಡಿಗೆ 24 ನಿಶ್ಚಲ ಚಿತ್ರಗಳು ಕಣ್ಣೆದುರು ಹಾಯುತ್ತವೆ. ಚಲನೆ ನಮ್ಮ ಮನಸ್ಸಿನಲ್ಲಿ ಹುಟ್ಟುತ್ತದೆ. ನಟರು ಇರುವ ಚಿತ್ರದಲ್ಲಿ ಕ್ಯಾಮರಾದ ಎದುರು ಒಬ್ಬ ಮನುಷ್ಯ ಉಸಿರಾಡಿದ್ದನೆಂಬ ಭರವಸೆಯಾದರೂ ಉಂಟು. ಬರೆದ ಚಿತ್ರದಲ್ಲಿ ಅದೂ ಇಲ್ಲ. ನಮ್ಮ ಆಲಂಕಾರಿಕರಲ್ಲಿ ಶ್ರೀಶಂಕುಕನು ನಾಟಕದ ರಸಾನುಭವವನ್ನು ವಿವರಿಸಲು ‘ಚಿತ್ರತುರಗ’ದ ದೃಷ್ಟಾಂತ ಕೊಟ್ಟ. ಚಿತ್ರದಲ್ಲಿ ಬರೆದ ಕುದುರೆಯನ್ನು ಕಂಡು ‘ಕುದುರೆ’ ಎನ್ನುತ್ತೇವೆ. ಅದು ನಿಜಜ್ಞಾನವಲ್ಲ, ಭ್ರಾಂತಿಯಲ್ಲ, ಸಂಶಯವಲ್ಲ, ಬರಿಯ ಹೋಲಿಕೆಯೂ ಅಲ್ಲ. ಇವೆಲ್ಲಕ್ಕೂ ಬೇರೆಯಾದ ಒಂದು ಅರಿವು. ನಟನಲ್ಲಿ ರಾಮನನ್ನು ಕಾಣುವುದೂ ಹಾಗೆಯೇ ಎಂದು ಅವನ ವಾದ. ಅಭಿನವಗುಪ್ತ ಅದನ್ನು ಒಪ್ಪಲಿಲ್ಲ. ಆ ಚರ್ಚೆ ಇಲ್ಲಿ ಬೇಡ. ಅನಿಮೇಷನ್ ಚಿತ್ರದ ಮಟ್ಟಿಗೆ ಮಾತ್ರ ಶಂಕುಕನ ದೃಷ್ಟಾಂತವು ದೃಷ್ಟಾಂತವಾಗಿ ಉಳಿಯದೆ ವಸ್ತುವೇ ಆಗಿಬಿಡುತ್ತದೆ. ಇಲ್ಲಿ ಇರುವುದೆಲ್ಲ ಚಿತ್ರದ ಕುದುರೆಗಳೇ.

ಅಂಥ ಒಂದು ಕುದುರೆಯನ್ನು ನಾನು ನಿಜವಾಗಿ ಕಂಡದ್ದು ಜರ್ಮನಿಯ ಲೊಟ್ಟೆ ರೈನಿಗರ್ ಎಂಬಾಕೆ 1926ರಲ್ಲಿ ಹೊರತಂದ ‘ರಾಜಕುಮಾರ ಅಹ್ಮದನ ಸಾಹಸಗಳು’ ಎಂಬ ಚಿತ್ರದಲ್ಲಿ. ಮೊದಲ ದೊಡ್ಡ ಅನಿಮೇಷನ್ ಚಿತ್ರ ಡಿಸ್ನಿಯ ‘ಸ್ನೋ ವೈಟ್’ (1937) ಎಂದು ಬಹಳ ಜನ ನಂಬಿದ್ದಾರೆ. ಅದಕ್ಕೂ ಇಪ್ಪತ್ತು ವರ್ಷ ಹಿಂದೆ, 1917ರಲ್ಲಿ, ಅರ್ಜೆಂಟೀನಾದ ಕ್ವಿರಿನೊ ಕ್ರಿಸ್ತಿಯಾನಿ ಒಂದನ್ನು ಮಾಡಿದ್ದ. ಅದರ ಪ್ರತಿ ಉಳಿದಿಲ್ಲ. ಉಳಿದವುಗಳಲ್ಲಿ ಅತಿ ಹಳೆಯದು ರೈನಿಗರಳದೇ. ಕರಿಯ ಕಾಗದ, ತೆಳುವಾದ ಸೀಸದ ತಗಡುಗಳನ್ನು ಕತ್ತರಿಸಿ, ಕೀಲುಕೀಲಿಗೆ ತಂತಿ ಹಾಕಿ, ಕೆಳಗಿನಿಂದ ಬೆಳಕು ಬರುವ ಗಾಜಿನ ಮೇಲೆ ಮಲಗಿಸಿ, ಕೂದಲೆಳೆಯಷ್ಟು ಸರಿಸಿ ಸರಿಸಿ ಒಂದೊಂದೇ ಚಿತ್ರ ತೆಗೆಯುತ್ತ ಮೂರು ವರ್ಷ ಕಳೆದಳು. ಕಥೆ ಅರೇಬಿಯನ್ ಇರುಳುಗಳದು. ಅದರಲ್ಲಿ ರಾಜಕುಮಾರನನ್ನು ಹೊತ್ತು ಹಾರುವ ಮಾಯಾಕುದುರೆಗೆ ಕಣ್ಣಿಲ್ಲ, ಬಣ್ಣವಿಲ್ಲ, ಮೈಯ ಉಬ್ಬುತಗ್ಗಿಲ್ಲ. ಆದರೂ ಅದು ನೆಲ ಬಿಟ್ಟು ಏಳುವಾಗ ನನ್ನ ಹೊಟ್ಟೆಯಲ್ಲಿ ಉಯ್ಯಾಲೆಯ ಅನುಭವವಾಯಿತು.

ರಾಯಚೂರು ಸೀಮೆಯವನಿಗೆ ಈ ನೆರಳಿನ ವಿದ್ಯೆ ಅಪರಿಚಿತವಾಗಿ ತೋರುವುದಿಲ್ಲ. 1997ರವರೆಗೆ ಇದೇ ಜಿಲ್ಲೆಯಲ್ಲಿದ್ದು ಈಗ ಕೊಪ್ಪಳ ಜಿಲ್ಲೆಗೆ ಸೇರಿರುವ ಮೊರನಾಳದ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂತು. ತೊಂಬತ್ತು ದಾಟಿದ ವಯಸ್ಸಿನಲ್ಲಿ ಬಂದ ಮನ್ನಣೆ ಅದು. ತೊಗಲುಗೊಂಬೆಯಾಟದಲ್ಲಿ ಹದಮಾಡಿದ ತೊಗಲಿಗೆ ಬಣ್ಣ ಹಾಕಿ, ದೀಪದ ಮುಂದೆ ಹಿಡಿದು, ಪರದೆಯ ಮೇಲೆ ರಾಮಾಯಣ ಮಹಾಭಾರತಗಳನ್ನು ಆಡಿಸುತ್ತಾರೆ. ರೈನಿಗರಳ ನೆರಳು ಅಚ್ಚ ಕಪ್ಪು. ನಮ್ಮ ಗೊಂಬೆ ಬೆಳಕನ್ನು ತನ್ನೊಳಗೆ ಬಿಟ್ಟುಕೊಂಡು ಕೆಂಪು ಹಸಿರಾಗಿ ಹೊಳೆಯುತ್ತದೆ. ವ್ಯತ್ಯಾಸ ಅಷ್ಟು. ಹನುಮಂತನ ಗೊಂಬೆಯ ಮುಖ ಅಳುವಾಗಲೂ ಅದೇ, ನಗುವಾಗಲೂ ಅದೇ. ಅಳು ಯಾವುದು, ನಗು ಯಾವುದು ಎಂಬುದನ್ನು ಹಾಡುವವರ ದನಿ ಕೇಳಿ ನಾವೇ ತುಂಬಿಕೊಳ್ಳಬೇಕು. ನಡುವೆ ಕಿಳ್ಳೇಕ್ಯಾತ, ಬಂಗಾರಕ್ಕ ಬಂದು ನಗಿಸಿ, ‘ಇದು ಆಟ’ ಎಂದು ನೆನಪು ಮಾಡಿ ಹೋಗುತ್ತಾರೆ. ಆಟವೆಂದು ತಿಳಿದ ಮೇಲೂ ಸೀತೆಗಾಗಿ ಕಣ್ಣು ಒದ್ದೆಯಾಗುವುದು ತಪ್ಪುವುದಿಲ್ಲ.

ಇನ್ನು ನನ್ನ ಸೋದರಳಿಯನ ಪಕ್ಷಕ್ಕೆ ಬರುತ್ತೇನೆ. ‘ಮಹಾವತಾರ ನರಸಿಂಹ’ವನ್ನು ಅಶ್ವಿನ್ ಕುಮಾರ್ ನಿರ್ದೇಶಿಸಿದರು, ಬೆಂಗಳೂರಿನ ಹೊಂಬಾಳೆ ಸಂಸ್ಥೆ ಅರ್ಪಿಸಿತು, 2025ರ ಜುಲೈ 25ರಂದು ಕನ್ನಡವೂ ಸೇರಿ ಹಲವು ಭಾಷೆಗಳಲ್ಲಿ ಅದು ತೆರೆಗೆ ಬಂತು. ದೊಡ್ಡ ನಟರ ಹೆಸರಿಲ್ಲದೆ, ಬಾಯಿಂದ ಬಾಯಿಗೆ ಹರಡಿದ ಮಾತಿನಿಂದಲೇ ಬೆಳೆದು, ಭಾರತದ ಅನಿಮೇಷನ್ ಚಿತ್ರಗಳಲ್ಲೆಲ್ಲ ಹೆಚ್ಚು ಹಣ ಗಳಿಸಿತು. ‘ಅದು ಹುಡುಗರದು’ ಎಂಬ ಹಳೆಯ ಮಾತನ್ನು ಒಂದು ವಾರದಲ್ಲಿ ಅಳಿಸಿಹಾಕಿದ ಕೀರ್ತಿ ಅದಕ್ಕೆ ಸಲ್ಲಬೇಕು. ಅಜ್ಜಿಯರು ಮೊಮ್ಮಕ್ಕಳ ಕೈಹಿಡಿದು ಹೋದರು. ‘ಮಾಮಾ, ಟಾಕೀಸಿನಾಗ ಮಂದಿ ಎದ್ದು ನಿಂತು ಕೈಮುಗದ್ರು. ಅದು ಸುಳ್ಳೇನ್ರಿ?’ ಎಂದು ಅವನು ಕೇಳಿದ. ಸುಳ್ಳಲ್ಲ. ನಾನೂ ಆ ಚಿತ್ರವನ್ನು ನೋಡಿದ್ದೇನೆ. ಹುಡುಗ ಪ್ರಹ್ಲಾದನ ಮುಖದಲ್ಲಿ ಒಂದು ತಿಳಿತನವಿದೆ. ಅದನ್ನು ಬರೆದ ಕೈಗಳಿಗೆ ನಮಸ್ಕಾರ.

ಆದರೆ ಕಂಬ ಒಡೆದ ಮೇಲೆ ಏನಾಯಿತು? ಯುದ್ಧವಾಯಿತು. ನರಸಿಂಹ ಹೊಡೆದ, ಹಿರಣ್ಯಕಶಿಪು ಹೊಡೆದ, ಕಟ್ಟಡಗಳು ಉರುಳಿದವು, ಗದ್ದಲದಿಂದ ಕಿವಿ ತುಂಬಿತು. ಹಗಲೂ ಅಲ್ಲದ ಇರುಳೂ ಅಲ್ಲದ, ಒಳಗೂ ಅಲ್ಲದ ಹೊರಗೂ ಅಲ್ಲದ ಆ ಒಂದು ಕ್ಷಣದ ಅದ್ಭುತವು ನಿಮಿಷಗಟ್ಟಲೆ ಹಿಗ್ಗಿ, ಕೊನೆಗೆ ಇಬ್ಬರು ಜಟ್ಟಿಗಳ ಬಲಾಬಲದ ಪ್ರಶ್ನೆಯಾಯಿತು. ರೋಮ ರೋಮವನ್ನೂ ಬಿಡದೆ ತೋರಿಸಿದರು. ನಮಗೆಂದು ಏನೂ ಉಳಿಯಲಿಲ್ಲ. ಇದನ್ನು ನಾನು ಹೇಳಿದಾಗ ಅಳಿಯ ಸಿಟ್ಟಾದ. ‘ನಿಮಗ ಭಕ್ತಿ ಇಲ್ಲ, ಅದಕ್ಕ’ ಎಂದ.

ಈ ಮಾತು ನನ್ನನ್ನು ಚುಚ್ಚಿತು. ಅವನು ಹೇಳಿದ್ದರಲ್ಲಿ ಒಂದು ಪ್ರಶ್ನೆ ಇತ್ತು. ದೇವರನ್ನು ಕಂಡು ಕೈಮುಗಿದವನ ಕಣ್ಣೀರನ್ನು ವಿಮರ್ಶಕ ಯಾವ ತಕ್ಕಡಿಯಲ್ಲಿ ತೂಗಬೇಕು? ಉತ್ತರ ನನಗೆ ಹೊಳೆಯಲಿಲ್ಲ. ಅದನ್ನು ಕೊಟ್ಟವಳು ಅಲ್ಲಿಯೇ ಕುಳಿತು ಹೂಬತ್ತಿ ಹೊಸೆಯುತ್ತಿದ್ದ ನನ್ನ ಅಕ್ಕ.

ಮಾನವಿ ಎಂದರೆ ‘ಹರಿಕಥಾಮೃತಸಾರ’ವನ್ನು ಭಾಮಿನಿ ಷಟ್ಪದಿಯಲ್ಲಿ ಬರೆದ ಜಗನ್ನಾಥದಾಸರ ಊರು. ದಾಸಪರಂಪರೆಯಲ್ಲಿ ಅವರನ್ನು ಪ್ರಹ್ಲಾದನ ಸೋದರ ಸಹ್ಲಾದನ ಅಂಶವೆಂದು ನಂಬುತ್ತಾರೆ. ಅಲ್ಲಿ ಪೂಜೆಗೊಳ್ಳುವುದು ಒಂದು ಕಂಬ. ದಾಸರ ಸನ್ನಿಧಾನ ಅದರಲ್ಲಿದೆ ಎಂದು ಜನರ ಶ್ರದ್ಧೆ. ಭಾದ್ರಪದ ಶುದ್ಧ ನವಮಿಯ ಆರಾಧನೆಗೆ ದೂರದೂರದಿಂದ ಜನ ಬರುತ್ತಾರೆ. ಬಂದವರು ನೋಡುವುದು ಕಂಬವನ್ನೇ. ಅಕ್ಕ ಅದಕ್ಕೆ ಎಷ್ಟು ಪ್ರದಕ್ಷಿಣೆ ಹಾಕಿದ್ದಾಳೋ ಲೆಕ್ಕವಿಲ್ಲ. ನಮ್ಮಿಬ್ಬರ ವಾದವನ್ನು ಕೇಳಿದ ಅವಳು ತಲೆ ಎತ್ತದೆ ಅಂದಳು: ‘ಸ್ವಾಮಿ ಕಂಬದಾಗ ಇದ್ದಾನಂತ ಹುಡುಗಗ ಮೊದಲೇ ಗೊತ್ತಿತ್ತಲ್ಲೋ. ಒಡದದ್ದು ಅಪ್ಪಗ ತೋರಿಸಲಿಕ್ಕೆ.’

ವಾದ ಅಲ್ಲಿಗೆ ನಿಂತಿತು. ನನಗೆ ಬೇಕಾಗಿದ್ದ ಅಳತೆಗೋಲು ಸಿಕ್ಕಿತ್ತು. ‘ಎಲ್ಲಿದ್ದಾನೆ? ತೋರಿಸು’ ಎಂದದ್ದು ಹಿರಣ್ಯಕಶಿಪು. ಪ್ರಹ್ಲಾದ ಹಾಗೆ ಕೇಳಲಿಲ್ಲ. ಅವನಿಗೆ ಕಂಬವೇ ಸಾಕಾಗಿತ್ತು. ಚಿತ್ರ ಮಾಡುವವರು ಪ್ರೇಕ್ಷಕರನ್ನು ಈ ಇಬ್ಬರಲ್ಲಿ ಒಬ್ಬರೆಂದು ಮೊದಲೇ ತೀರ್ಮಾನಿಸಿಕೊಂಡಿರುತ್ತಾರೆ. ಅಪ್ಪನೆಂದು ತಿಳಿದವರು ಎಲ್ಲವನ್ನೂ ಒಡೆದು ತೋರಿಸುತ್ತಾರೆ. ಮಗನೆಂದು ತಿಳಿದವರು ಕಂಬವನ್ನು ನಿಲ್ಲಿಸಿ ಸುಮ್ಮನಿರುತ್ತಾರೆ. ನಟರಿಲ್ಲದ, ಉಸಿರಿಲ್ಲದ, ಬರಿಯ ಗೆರೆಬಣ್ಣಗಳ ಈ ಕಲೆಯಲ್ಲಿ ಜೀವ ತುಂಬುವ ಕೆಲಸ ಕೊನೆಗೂ ನೋಡುವವನದೇ ಆದ್ದರಿಂದ, ಅವನ ಪಾಲನ್ನು ಕಿತ್ತುಕೊಳ್ಳದ ಚಿತ್ರವೇ ಉತ್ತಮ ಚಿತ್ರ. ಟಾಕೀಸಿನಲ್ಲಿ ಕೈಮುಗಿದವರ ಭಕ್ತಿ ಅವರು ಮನೆಯಿಂದ ತಂದದ್ದು, ಅದು ದೊಡ್ಡದು. ಚಿತ್ರ ಅದಕ್ಕೆ ಎಷ್ಟು ಕೂಡಿಸಿತು ಎಂಬುದಷ್ಟೇ ವಿಮರ್ಶಕನ ಲೆಕ್ಕ.

ಈ ಅಳತೆ ದೊಡ್ಡವರ ತರ್ಕವೋ, ನಿಜವಾಗಿಯೂ ನಿಲ್ಲುವುದೋ ಎಂದು ನೋಡಲು ದೇವದುರ್ಗದ ತಂಗಿಯ ಮನೆಗೆ ಹೋದಾಗ ಒಂದು ಪರೀಕ್ಷೆ ಮಾಡಿದೆ. ರಾತ್ರಿ ಊಟವಾದ ಮೇಲೆ ಗೋಡೆಗೆ ಬಿಳಿ ಪಂಚೆ ಕಟ್ಟಿ, ಎರವಲು ತಂದ ಪ್ರೊಜೆಕ್ಟರಿನಲ್ಲಿ ಅವಳ ಮೊಮ್ಮಕ್ಕಳಿಗೆ ‘ಫ್ಲೋ’ (2024) ತೋರಿಸಿದೆ. ಲಾಟ್ವಿಯದ ಗಿಂಟ್ಸ್ ಜಿಲ್ಬಾಲೊಡಿಸ್ ಎಂಬ ತರುಣ, ಯಾರು ಬೇಕಾದರೂ ಪುಕ್ಕಟೆ ಬಳಸಬಹುದಾದ ಬ್ಲೆಂಡರ್ ಎಂಬ ಸಾಫ್ಟ್‌ವೇರಿನಲ್ಲಿ ಚಿಕ್ಕ ತಂಡ ಕಟ್ಟಿಕೊಂಡು ಮಾಡಿದ ಚಿತ್ರ. 2025ರಲ್ಲಿ ದೊಡ್ಡ ದೊಡ್ಡ ಸಂಸ್ಥೆಗಳ ಚಿತ್ರಗಳನ್ನು ಹಿಂದಿಕ್ಕಿ ಆಸ್ಕರ್ ಪಡೆಯಿತು. ಅದರಲ್ಲಿ ಮನುಷ್ಯರಿಲ್ಲ, ಮಾತಿಲ್ಲ. ಒಂದು ಕರಿಯ ಬೆಕ್ಕು, ಏರುತ್ತಲೇ ಇರುವ ನೀರು, ಒಂದು ದೋಣಿ, ಅದರಲ್ಲಿ ಒಂದೊಂದಾಗಿ ಬಂದು ಸೇರುವ, ಒಂದಕ್ಕೊಂದು ಒಗ್ಗದ ಪ್ರಾಣಿಗಳು. ನೀರು ಯಾಕೆ ಬಂತು ಎಂದು ಚಿತ್ರ ಹೇಳುವುದೇ ಇಲ್ಲ.

‘ಅಜ್ಜಾ, ನೀರು ಎಲ್ಲಿಂದ ಬಂತು?’ ಎಂದು ಚಿಕ್ಕವಳು ಕೇಳಿದಳು. ನಾನು ಬಾಯಿ ತೆರೆಯುವ ಮೊದಲೇ ಅವಳ ಅಣ್ಣ, ‘ನಾರಾಯಣಪುರದಾಗ ಡ್ಯಾಮ್ ಬಿಟ್ಟಾರ’ ಎಂದ. ದೇವದುರ್ಗದ ಹುಡುಗ ಬೇರೆ ಏನು ಹೇಳಿಯಾನು? ಬಸವಸಾಗರದಿಂದ ಕೃಷ್ಣೆಗೆ ನೀರು ಬಿಟ್ಟಾಗ ಹೂವಿನಹೆಡಗಿಯ ಸೇತುವೆ ಮುಳುಗುವುದನ್ನು ಅವನು ಬಲ್ಲ. ಲಾಟ್ವಿಯದವರಿಗೆ ಕೃಷ್ಣೆ ಗೊತ್ತಿಲ್ಲ. ಆದರೂ ಅವರು ಖಾಲಿ ಬಿಟ್ಟ ಜಾಗದಲ್ಲಿ ಅವನ ಹೊಳೆ ಬಂದು ತುಂಬಿಕೊಂಡಿತು. ಕಾರಣವನ್ನು ಅವರೇ ವಿವರಿಸಿದ್ದರೆ ನೀರು ಅವರದೇ ಆಗಿ ಉಳಿಯುತ್ತಿತ್ತು. ಬೆಕ್ಕು ಈಜುತ್ತಿದ್ದಾಗ ಹುಡುಗರು ಉಸಿರು ಬಿಗಿಹಿಡಿದು ಕೂತಿದ್ದರು. ಮಾನವಿಯ ಕಂಬದ ಮಾತು ದೇವದುರ್ಗದ ಪಂಚೆಯ ಮೇಲೆ ನಿಜವಾಯಿತು.

ಹಾಗಾದರೆ ನನ್ನ ಪಂಕ್ತಿ ಇದು. ಮೊದಲನೆಯ ಎಲೆ ಜಪಾನಿನ ಹಯಾವೊ ಮಿಯಾಜಾಕಿ ಅವರ ‘ನನ್ನ ನೆರೆಯವ ತೊತೊರೊ’ (1988). ತಾಯಿ ಆಸ್ಪತ್ರೆಯಲ್ಲಿ, ಅಕ್ಕತಂಗಿಯರು ಹಳ್ಳಿಮನೆಯಲ್ಲಿ. ಮಳೆಯ ಸಂಜೆ ತಂದೆಯ ಬಸ್ಸಿಗಾಗಿ ಕಾಯುತ್ತ ನಿಂತಾಗ, ಪಕ್ಕದಲ್ಲಿ ತಲೆಯ ಮೇಲೆ ಎಲೆ ಇಟ್ಟುಕೊಂಡು ಒಂದು ದೊಡ್ಡ ಪ್ರಾಣಿ ಬಂದು ನಿಲ್ಲುತ್ತದೆ. ಅದು ಏನು, ಎಲ್ಲಿಯದು ಎಂದು ಯಾರೂ ಹೇಳುವುದಿಲ್ಲ. ಹನಿ ಬೀಳುವ ಸದ್ದು, ಕಾಯುವಿಕೆ, ಇಷ್ಟೇ. ಮಗು ತಾನು ಕಂಡದ್ದನ್ನು ಹೇಳಿದರೆ ತಂದೆ ಪುರಾವೆ ಕೇಳುವುದಿಲ್ಲ. ಮಕ್ಕಳೊಡನೆ ಹೋಗಿ ದೊಡ್ಡ ಕರ್ಪೂರದ ಮರಕ್ಕೆ ತಲೆಬಾಗಿ ಬರುತ್ತಾನೆ. ಹಿರಣ್ಯಕಶಿಪುವಿಗೆ ಇದಕ್ಕಿಂತ ಸೌಮ್ಯವಾದ ಉತ್ತರ ನನಗೆ ಕಂಡಿಲ್ಲ.

ಎರಡನೆಯದು ರೈನಿಗರಳ ‘ಅಹ್ಮದ್’. ಮೂರನೆಯದು ‘ತೊತೊರೊ’ದ ಜೊತೆಗೆ ಒಂದೇ ದಿನ ತೆರೆಗೆ ಬಂದ ಇಸಾವೊ ತಕಹಾತ ಅವರ ‘ಮಿಂಚುಹುಳುಗಳ ಗೋರಿ’. 1945ರ ಬಾಂಬುದಾಳಿಯಲ್ಲಿ ತಾಯಿಯನ್ನು ಕಳೆದುಕೊಂಡ ಅಣ್ಣತಂಗಿಯರ ಕಥೆ. ಹುಡುಗ ಸಾಯುತ್ತಾನೆಂದು ಆರಂಭದಲ್ಲಿಯೇ ತಿಳಿಸಿಬಿಡುತ್ತಾರೆ. ಆದರೂ ಒಂದು ತಗಡಿನ ಪೆಪ್ಪರಮಿಂಟು ಡಬ್ಬಿ ಕಂಡಾಗಲೆಲ್ಲ ಎದೆ ಹಿಂಡುತ್ತದೆ. ಕರುಣರಸಕ್ಕೆ ಆಕ್ರಂದನ ಬೇಡವೆಂಬುದಕ್ಕೆ ಇದು ಸಾಕ್ಷಿ. ನಾಲ್ಕನೆಯದು ‘ಫ್ಲೋ’. ಐದನೆಯದು ಡಿಸ್ನಿಯ ‘ಪಿನೋಕಿಯೊ’ (1940). ಡಿಸ್ನಿಯವರು ಬಿಡಿಸಿ ಹೇಳುವ ಪಂಗಡದವರು ನಿಜ. ಆದರೆ ಮರದ ಗೊಂಬೆಗೆ ಜೀವ ಬರುವುದು ಒಂದು, ಅದು ಮನುಷ್ಯನಾಗುವುದು ಇನ್ನೊಂದು ಎಂಬ ಅದರ ಕಥೆ ಈ ಕಲೆಯ ಅಂತರಂಗವನ್ನೇ ಮುಟ್ಟುತ್ತದೆ.

ಇದನ್ನೆಲ್ಲ ಕೇಳಿದ ಅಳಿಯ ಕೊನೆಗೆ ಒಂದು ಮಾತು ಅಂದ. ಅದಕ್ಕೆ ನನ್ನಲ್ಲಿ ಜವಾಬಿರಲಿಲ್ಲ. ‘ಮಾಮಾ, ನಿಮ್ಮ ಐದರಾಗ ನಮ್ಮದು ಒಂದೂ ಇಲ್ಲಲ್ಲ.’

ಇಲ್ಲ. ಇದು ನೋವಿನ ಸಂಗತಿ. ಕೈಚಳಕವಿಲ್ಲವೆಂದು ಹೇಳುವಂತಿಲ್ಲ. 1956ರಲ್ಲಿಯೇ ಮುಂಬಯಿಯ ಫಿಲ್ಮ್ಸ್ ಡಿವಿಜನ್ನಿಗೆ ಡಿಸ್ನಿಯ ಕಲಾವಿದ ಕ್ಲೇರ್ ವೀಕ್ಸ್ ಬಂದು ನಮ್ಮವರಿಗೆ ಪಾಠ ಹೇಳಿದರು. ಅಲ್ಲಿ ಕಲಿತ ರಾಮ್ ಮೋಹನ್, ಮುಂದೆ ಜಪಾನಿನ ಯೂಗೊ ಸಾಕೊ ಅವರೊಡನೆ ‘ರಾಮಾಯಣ: ರಾಜಕುಮಾರ ರಾಮನ ಕಥೆ’ (1992) ಚಿತ್ರಕ್ಕೆ ದುಡಿದರು. ದೇವರನ್ನು ಕಾರ್ಟೂನ್ ಮಾಡುತ್ತಾರೆಂದು ಆಗ ನಮ್ಮಲ್ಲಿ ಆಕ್ಷೇಪ ಎದ್ದಿತು. ಚಿತ್ರದ ಕೆಲಸ ಜಪಾನಿನಲ್ಲಿ ನಡೆಯಿತು. ನಮ್ಮ ಆನೆಗೊಂದಿಯ ಬೆಟ್ಟಗಳೇ ಕಿಷ್ಕಿಂಧೆಯೆಂದು ನಂಬಿದ ನಾವು ವಾಲಿಸುಗ್ರೀವರನ್ನು ಟೋಕಿಯೊದ ಕುಂಚದಲ್ಲಿ ನೋಡಿದೆವು. ಕನ್ನಡಿಗರ ಎದೆಯಲ್ಲಿ ನೆಲೆಸಿದ ಪುಣ್ಯಕೋಟಿಯ ಕಥೆ, ಬೆಂಗಳೂರಿನ ರವಿಶಂಕರ್ ಅವರು ಜನರಿಂದ ಹಣ ಕೂಡಿಸಿ 2020ರಲ್ಲಿ ಹೊರತಂದಾಗ, ಸಂಸ್ಕೃತದಲ್ಲಿ ಮಾತಾಡಿತು. ಅವರ ಸಾಹಸ ದೊಡ್ಡದು. ಆದರೂ ನಮ್ಮ ಹಸು ನಮ್ಮ ಮಾತು ಆಡಲಿಲ್ಲವಲ್ಲ ಎಂದು ನನಗೆ ಅನ್ನಿಸಿತು.

ಕಥೆ ಇದೆ, ಕೈ ಇದೆ, ಹಣವೂ ಈಗ ಬಂತು. ಮೊರನಾಳದ ಪರದೆಯಲ್ಲಿ, ರಾಯಚೂರಿನ ಕೋಟೆಯ ಗೆರೆಯಲ್ಲಿ, ಮಾನವಿಯ ಕಂಬದಲ್ಲಿ ನೋಡುವವರ ಮೇಲೆ ಒಂದು ನಂಬಿಕೆ ಇತ್ತು. ‘ಉಳಿದದ್ದು ನಿನಗೆ ತಿಳಿಯುತ್ತದೆ’ ಎಂಬ ನಂಬಿಕೆ. ನಮ್ಮ ಚಿತ್ರ ಮಾಡುವವರು ಅದನ್ನು ಮತ್ತೆ ಗಳಿಸಬೇಕು. ನೋಡುವವರಾದ ನಾವೂ ‘ತೋರಿಸು’ ಎಂದು ಗದ್ದರಿಸುವುದನ್ನು ಸ್ವಲ್ಪ ಬಿಡಬೇಕು.

ಅಳಿಯನೂ ನಾನೂ ಈಗ ಮಾತಾಡುತ್ತೇವೆ. ಅವನ ಪಟ್ಟಿಯಲ್ಲಿ ನರಸಿಂಹನೇ ಮೊದಲು. ನನ್ನದರಲ್ಲಿ ಆ ಹೆಸರು ಈಗಲೂ ಇಲ್ಲ. ಆದರೆ ಅವನು ಕೇಳಿದ ಮೇಲೆ ನನ್ನ ಪಂಕ್ತಿಯಲ್ಲಿ ಒಂದು ಬದಲಾವಣೆ ಮಾಡಿದ್ದೇನೆ. ಐದು ಎಲೆಗಳ ಪಕ್ಕದಲ್ಲಿ ಆರನೆಯದೊಂದನ್ನು ಹಾಕಿ, ನೀರು ಚಿಮುಕಿಸಿ ಇಟ್ಟಿದ್ದೇನೆ. ಬರಬೇಕಾದವರು ಕನ್ನಡ ಮಾತಾಡುತ್ತ ಬಂದರೆ ಸಾಕು.